ಮನೆಯ ಡೆಸ್ಕ್‌ಟಾಪು, ಬ್ಯಾಗಿನ ಲ್ಯಾಪ್‌ಟಾಪು: ಎರಡನ್ನೂ ಸರಿಸಮ ಇಟ್ಟುಕೊಳ್ಳುವುದು ಹೇಗೆ?

ಅಕ್ಕನ ಮಗಳ ಮದುವೆಗೆ ಕರೆಯಬೇಕಾದವರ ಪಟ್ಟಿ ಮಾಡುವ ಕೆಲಸ ನನ್ನ ತಲೆಗೆ ಬಿದ್ದಿತ್ತು. ಮನೆಯ ಡೆಸ್ಕ್‌ಟಾಪ್‌ನಲ್ಲಿ ಎಕ್ಸೆಲ್ ಶೀಟ್ ಶುರು ಮಾಡಿದೆ. ಪೆನ್ ಡ್ರೈವ್‌ಗೆ ಹಾಕಿಕೊಂಡು ಹೋಗಿ, ಊಟದ ಬಿಡುವಿನಲ್ಲಿ ಲ್ಯಾಪ್‌ಟಾಪ್‌ನಲ್ಲಿ ಮುಂದುವರಿಸಿದೆ. ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ಹಳೆಯ ಪಟ್ಟಿಯನ್ನು ಹೊಸದರ ಮೇಲೆ ಕಾಪಿ ಮಾಡಿಬಿಟ್ಟೆ. ‘ರಿಪ್ಲೇಸ್ ಮಾಡಲಾ?’ ಅಂತ ಕಂಪ್ಯೂಟರ್ ಕೇಳಿತ್ತು, ನಾನೇ ಹೂಂ ಅಂದಿದ್ದೆ. ಭಾವನ ಕಡೆಯ ಅರವತ್ತು ಮನೆ ಮಾಯ. ಭಾವ ಇವತ್ತಿಗೂ ಅದನ್ನು ಮರೆತಿಲ್ಲ.

ಪೆನ್ ಡ್ರೈವ್ ಬಿಟ್ಟು ಸಿಂಕ್ ಮಾಡುವುದನ್ನು, ಅಂದರೆ ಎರಡೂ ಕಡೆ ತಾನಾಗಿಯೇ ಒಂದೇ ಥರ ಇರುವಂತೆ ಮಾಡುವುದನ್ನು, ಕಲಿತದ್ದು ಆಮೇಲೆ. ಇಮೇಲು, ಕಾಂಟ್ಯಾಕ್ಟು, ಫೈಲು ಮೂರಕ್ಕೂ ದಾರಿ ಬೇರೆ ಬೇರೆ. ಒಂದೇ ಸಲ ಮೂರನ್ನೂ ಹಿಡಿದುಕೊಂಡು ಕೂರಬೇಡಿ. ಸುಲಭದ್ದು ಇಮೇಲು, ಅಲ್ಲಿಂದ ಶುರು ಮಾಡಿ.

ಅದಕ್ಕೂ ಮುಂಚೆ ಒಂದು ಸಣ್ಣ ಕೆಲಸ: ಎರಡೂ ಕಂಪ್ಯೂಟರಿನ ತಾರೀಕು, ಟೈಮು ನೋಡಿ. ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡಿನ ಬಿಲ್ಲೆ ಸೆಲ್ ಸತ್ತಿರುತ್ತದೆ. ಕರೆಂಟ್ ಹೋಗಿ ಬಂದರೆ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಕೂರುತ್ತದೆ. ಒಂದೇ ಫೈಲನ್ನು ಎರಡೂ ಕಡೆ ತಿದ್ದಿದ್ದರೆ ಯಾವ ಪ್ರತಿ ಹೊಸದು ಅಂತ ಸಿಂಕ್ ತಂತ್ರಾಂಶ ನೋಡುವುದು ಈ ಟೈಮನ್ನೇ. ಸಿಆರ್ 2032 ಅಂತ ಕೇಳಿದರೆ ವಾಚ್ ಅಂಗಡಿಯಲ್ಲೂ ಆ ಸೆಲ್ ಸಿಗುತ್ತದೆ.

ಇಮೇಲ್

ಬ್ರೌಸರಿನಲ್ಲೇ ಜಿಮೇಲ್ ನೋಡುವವರಿಗೆ ಇಲ್ಲಿ ಕೆಲಸವೇ ಇಲ್ಲ. ಥಂಡರ್‌ಬರ್ಡ್, ಔಟ್‌ಲುಕ್‌ನಂಥ ಮೇಲ್ ತಂತ್ರಾಂಶ ಬಳಸುವವರು ಅಕೌಂಟ್ ಸೆಟ್ಟಿಂಗ್ ತೆಗೆದು, ಅಲ್ಲಿ ಪಾಪ್ (POP) ಅಂತಿದೆಯೋ ಐಮ್ಯಾಪ್ (IMAP) ಅಂತಿದೆಯೋ ನೋಡಿ. ಮೇಲು ತರಿಸಿಕೊಳ್ಳುವ ಎರಡು ವಿಧಾನ ಇವು. ಪಾಪ್ ಮೇಲುಗಳನ್ನು ಸರ್ವರಿನಿಂದ, ಅಂದರೆ ಮೇಲ್ ಕಂಪನಿಯ ಕಂಪ್ಯೂಟರಿನಿಂದ, ಇಳಿಸಿಕೊಳ್ಳುತ್ತದೆ. ‘ಸರ್ವರಿನಲ್ಲೂ ಬಿಡು’ ಅಂತ ಟಿಕ್ ಹಾಕಿಲ್ಲದಿದ್ದರೆ ಅಲ್ಲಿಂದ ಅಳಿಸಿಯೂ ಹಾಕುತ್ತದೆ. ಬೆಳಿಗ್ಗೆ ಮನೆಯಲ್ಲಿ ಬಂದ ಮೇಲು ಮಧ್ಯಾಹ್ನ ಲ್ಯಾಪ್‌ಟಾಪ್‌ನಲ್ಲಿ ಕಾಣದೆ ಇರುವುದು ಇದಕ್ಕೇ. ಐಮ್ಯಾಪ್‌ನಲ್ಲಿ ಮೇಲು ಸರ್ವರಿನಲ್ಲೇ ಉಳಿಯುತ್ತದೆ. ಇಲ್ಲಿ ಓದಿದ್ದು ಅಲ್ಲೂ ಓದಿದ್ದಾಗಿಯೇ ಕಾಣುತ್ತದೆ.

ಪಾಪ್ ಅನ್ನು ಐಮ್ಯಾಪ್ ಆಗಿ ತಿರುಗಿಸುವ ಬಟನ್ ಹುಡುಕಬೇಡಿ. ಅದೇ ವಿಳಾಸವನ್ನು ಐಮ್ಯಾಪ್ ಖಾತೆಯಾಗಿ ಹೊಸದಾಗಿ ಸೇರಿಸಿ. ಹಳೆಯ ಖಾತೆಯ ಮೇಲುಗಳನ್ನು ಆಯ್ದುಕೊಂಡು ಹೊಸ ಖಾತೆಯ ಫೋಲ್ಡರಿಗೆ ಕಾಪಿ ಮಾಡಿ. ಒಮ್ಮೆಗೆ ಕೆಲವು ನೂರು ಸಾಕು, ಸಾವಿರಗಟ್ಟಲೆ ಎಳೆದರೆ ಅರ್ಧದಲ್ಲೇ ನಿಂತುಬಿಡಬಹುದು. ಎಲ್ಲ ಹೋದದ್ದು ಖಾತ್ರಿಯಾದ ಮೇಲಷ್ಟೇ ಹಳೆಯ ಖಾತೆ ತೆಗೆಯಿರಿ. ಜಿಮೇಲ್, ಡ್ರೈವ್, ಫೋಟೊ ಮೂರಕ್ಕೂ ಸೇರಿ ಗೂಗಲ್ ಪುಕ್ಕಟೆ ಕೊಡುವುದು 15 ಜಿಬಿ. ಜಾಗ ಎಷ್ಟಿದೆ ಅಂತ ಮೊದಲೇ ನೋಡಿಕೊಳ್ಳಿ.

ಕಾಂಟ್ಯಾಕ್ಟ್

ಎಲ್ಲ ನಂಬರಿಗೂ ಒಂದೇ ಮನೆ ಮಾಡಿ. ಗೂಗಲ್ ಖಾತೆ ಇದ್ದರೆ ಅದೇ ಸಾಕು. ಎರಡೂ ಕಂಪ್ಯೂಟರಿನ ಅಡ್ರೆಸ್ ಬುಕ್ಕನ್ನು ವಿಸಿಎಫ್ ಅಥವಾ ಸಿಎಸ್‌ವಿ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ, ಗೂಗಲ್ ಕಾಂಟ್ಯಾಕ್ಟ್ಸ್ ಪುಟದಲ್ಲಿ ಇಂಪೋರ್ಟ್ ಕೊಡಿ. ‘ಗ್ಯಾಸ್ ಏಜೆನ್ಸಿ’ ಮೂರು ಸಲ ಬಂದೇ ಬರುತ್ತದೆ. ಅಲ್ಲಿರುವ ಮರ್ಜ್ ಸೌಲಭ್ಯ ಅದನ್ನು ಒಂದು ಮಾಡಿಕೊಡುತ್ತದೆ. ಎಡವಟ್ಟಾದರೆ ಅಂಡೂ ಚೇಂಜಸ್ ಒತ್ತಿ 30 ದಿನದವರೆಗೆ ಹಿಂದಕ್ಕೆ ಹೋಗಬಹುದು. ಆಮೇಲೆ ಎರಡೂ ಕಡೆ ಥಂಡರ್‌ಬರ್ಡ್‌ನಲ್ಲಿ ಆ ಖಾತೆಯ ಅಡ್ರೆಸ್ ಬುಕ್ ಸೇರಿಸಿ. ಅದು ಕಾರ್ಡ್‌ಡ್ಯಾವ್ ಎಂಬ ವಿಧಾನದಲ್ಲಿ ತಾನೇ ಹೊಂದಿಸಿಕೊಳ್ಳುತ್ತದೆ. ಫೋನಿನ ಸಿಮ್‌ನಲ್ಲಿ ಸೇವ್ ಆಗಿರುವ ನಂಬರ್ ಮಾತ್ರ ಹೀಗೆ ಸಿಂಕ್ ಆಗುವುದಿಲ್ಲ. ಅವನ್ನೂ ಖಾತೆಗೆ ಸಾಗಿಸಿ.

ಫೈಲ್

ಜಾಸ್ತಿ ಹುಷಾರಾಗಿರಬೇಕಾದದ್ದು ಇಲ್ಲೇ. ಎರಡೂ ಕಂಪ್ಯೂಟರ್ ದಿನಕ್ಕೆ ಸ್ವಲ್ಪ ಹೊತ್ತಾದರೂ ಒಟ್ಟಿಗೆ ಆನ್ ಇರುತ್ತವಾ? ಹಾಗಿದ್ದರೆ ನನ್ನ ಆಯ್ಕೆ ಸಿಂಕ್‌ಥಿಂಗ್ (Syncthing) ಎಂಬ ತಂತ್ರಾಂಶ. ದುಡ್ಡಿಲ್ಲ, ಫೈಲು ಯಾರದೋ ಸರ್ವರಿನಲ್ಲಿ ಕೂರುವುದಿಲ್ಲ. ಮನೆಯ ವೈಫೈನಲ್ಲೇ ಆದರೆ ಒಂದರಿಂದ ಇನ್ನೊಂದಕ್ಕೆ ನೇರ ಹೋಗುತ್ತದೆ. ಒಂದು ಆಫ್ ಆದ ಮೇಲೆ ಇನ್ನೊಂದು ಆನ್ ಆಗುತ್ತದೆ ಅನ್ನುವವರು ಗೂಗಲ್ ಡ್ರೈವ್ ಥರದ್ದು ಹಾಕಿಕೊಳ್ಳಿ. ಅದರಲ್ಲೊಂದು ತೊಡಕು ಇದೆ: ಫೈಲು ‘ಮೈ ಡ್ರೈವ್’ ಒಳಗಿರಬೇಕು. ನಿಮ್ಮ ಡಾಕ್ಯುಮೆಂಟ್ಸ್ ಫೋಲ್ಡರನ್ನು ಅಲ್ಲೇ ಬಿಟ್ಟು ಡ್ರೈವ್‌ಗೆ ತೋರಿಸಿದರೆ ಅದು ಮೇಲಕ್ಕೆ ಹೋಗುತ್ತದೆ, ಇನ್ನೊಂದು ಕಂಪ್ಯೂಟರಿಗೆ ಇಳಿಯುವುದಿಲ್ಲ.

ಸಿಂಕ್‌ಥಿಂಗ್ ಹಾಕುವ ಮೊದಲು ಎರಡೂ ಕಡೆಯ ಫೈಲುಗಳ ಒಂದೊಂದು ಪ್ರತಿಯನ್ನು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ತೆಗೆದಿಡಿ. ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಸರಿಯಾದ ಪ್ರತಿಗಳನ್ನೆಲ್ಲ ಡೆಸ್ಕ್‌ಟಾಪಿನ ಒಂದು ಫೋಲ್ಡರಿಗೆ ತನ್ನಿ. ಲ್ಯಾಪ್‌ಟಾಪ್‌ನಲ್ಲಿ ಖಾಲಿ ಫೋಲ್ಡರ್ ಮಾಡಿ. ಎರಡರಲ್ಲೂ ಸಿಂಕ್‌ಥಿಂಗ್ ಇನ್‌ಸ್ಟಾಲ್ ಮಾಡಿ ಶುರು ಮಾಡಿದರೆ ಬ್ರೌಸರಿನಲ್ಲಿ 127.0.0.1:8384 ವಿಳಾಸದ ಪುಟ ತೆರೆಯುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಆಕ್ಷನ್ಸ್, ಅದರಲ್ಲಿ ಶೋ ಐಡಿ ಒತ್ತಿ. ಬರುವ ಉದ್ದನೆಯ ಐಡಿಯನ್ನು ಡೆಸ್ಕ್‌ಟಾಪಿನ ಆಡ್ ರಿಮೋಟ್ ಡಿವೈಸ್‌ನಲ್ಲಿ ಕೊಡಿ. ಲ್ಯಾಪ್‌ಟಾಪ್ ‘ಇವರು ಬಂದಿದ್ದಾರೆ, ಸೇರಿಸಲಾ?’ ಅನ್ನುವ ಅರ್ಥದಲ್ಲಿ ಕೇಳುತ್ತದೆ. ಒಪ್ಪಿಕೊಳ್ಳಿ. ಇನ್ನು ಡೆಸ್ಕ್‌ಟಾಪಿನಲ್ಲಿ ಆಡ್ ಫೋಲ್ಡರ್ ಒತ್ತಿ ನಿಮ್ಮ ಫೋಲ್ಡರ್ ತೋರಿಸಿ, ಶೇರಿಂಗ್ ಟ್ಯಾಬಿನಲ್ಲಿ ಲ್ಯಾಪ್‌ಟಾಪಿಗೆ ಟಿಕ್ ಹಾಕಿ. ಅತ್ತ ಕಡೆ ಮತ್ತೆ ಒಪ್ಪಿಗೆ ಕೊಡುವಾಗ ಆ ಖಾಲಿ ಫೋಲ್ಡರಿನ ದಾರಿ ತೋರಿಸಿ.

ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯೂ ಅಳಿಯುತ್ತದೆ. ಸಿಂಕ್ ಬೇರೆ, ಬ್ಯಾಕಪ್ ಬೇರೆ. ಅದಕ್ಕೇ ಎರಡೂ ಕಂಪ್ಯೂಟರಿನಲ್ಲಿ, ಹೌದು, ಎರಡರಲ್ಲೂ, ಫೋಲ್ಡರಿನ ಎಡಿಟ್‌ಗೆ ಹೋಗಿ ಫೈಲ್ ವರ್ಷನಿಂಗ್ ಅಡಿ ಟ್ರ್ಯಾಶ್ ಕ್ಯಾನ್ ಆರಿಸಿ. ಅತ್ತ ಕಡೆಯಿಂದ ಬಂದ ಬದಲಾವಣೆಯಿಂದ ಹೋದ ಫೈಲು ಇತ್ತ ಕಡೆ ಉಳಿದಿರುತ್ತದೆ. ಒಂದೇ ಫೈಲನ್ನು ಎರಡೂ ಕಡೆ ತಿದ್ದಿದರೆ ಹಳೆಯ ಟೈಮಿನ ಪ್ರತಿಗೆ ಸಿಂಕ್-ಕಾನ್‌ಫ್ಲಿಕ್ಟ್ ಅಂತ ಹೆಸರು ಅಂಟುತ್ತದೆ. ಗಾಬರಿಯಾಗಿ ಅದನ್ನು ಅಳಿಸಬೇಡಿ. ಎರಡನ್ನೂ ತೆರೆದು, ಪಕ್ಕಪಕ್ಕ ಇಟ್ಟು ನೋಡಿ.

ಲೆಕ್ಕದ ತಂತ್ರಾಂಶ ಟ್ಯಾಲಿಯ ಡೇಟಾ ಫೋಲ್ಡರು, ಔಟ್‌ಲುಕ್ ತನ್ನ ಮೇಲುಗಳನ್ನು ಇಟ್ಟುಕೊಳ್ಳುವ ಪಿಎಸ್‌ಟಿ ಫೈಲು ಇದರೊಳಗೆ ಬೇಡ. ತೆರೆದಿರುವಾಗಲೇ ಅರ್ಧಂಬರ್ಧ ಕಾಪಿಯಾದರೆ ಲೆಕ್ಕವೆಲ್ಲ ಕೆಡಬಹುದು. ಟ್ಯಾಲಿಯಲ್ಲೇ ಬ್ಯಾಕಪ್ ತೆಗೆದು, ಆ ಬ್ಯಾಕಪ್ಪನ್ನು ಮಾತ್ರ ಇಲ್ಲಿ ಹಾಕಿ. ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಫೈಲು ಲ್ಯಾಪ್‌ಟಾಪ್‌ನಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನದಂತೆ ಕಂಡರೆ ಸಿಂಕ್ ಕೆಟ್ಟಿದೆ ಅಂದುಕೊಳ್ಳಬೇಡಿ. ಅಲ್ಲಿ ಆ ಫಾಂಟ್ ಇಲ್ಲ, ಅಷ್ಟೇ.

ಎಲ್ಲ ಆದ ಮೇಲೆ ಒಂದು ಪರೀಕ್ಷೆ ಮಾಡಿ. ಡೆಸ್ಕ್‌ಟಾಪಿನಲ್ಲಿ ಸುಮ್ನೆ ಒಂದು ಫೈಲ್ ಮಾಡಿ ನಾಲ್ಕು ಹೆಸರು ಬರೆಯಿರಿ. ಲ್ಯಾಪ್‌ಟಾಪಿಗೆ ಬಂತಾ? ಅಲ್ಲಿ ಐದನೆಯದು ಸೇರಿಸಿ, ಇಲ್ಲಿ ನೋಡಿ. ಈಗ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಅಳಿಸಿ. ಇಲ್ಲೂ ಮಾಯವಾದ ಮೇಲೆ, ಡೆಸ್ಕ್‌ಟಾಪಿನ ಸಿಂಕ್‌ಥಿಂಗ್ ಪುಟದಲ್ಲಿ ಆ ಫೋಲ್ಡರಿನ ವರ್ಷನ್ಸ್ ಬಟನ್ ಒತ್ತಿ ವಾಪಸ್ ತನ್ನಿ. ಐದೂ ಹೆಸರು ಇದ್ದರೆ ಮದುವೆ ಪಟ್ಟಿಯನ್ನು ಆ ಫೋಲ್ಡರಿಗೆ ಹಾಕಬಹುದು.