ಪೀ ಪಫರ್‌ಗೆ ಫಿಲ್ಲರ್ ರೂಢಿ ಮಾಡಿಸಿದ್ದು

ಪೀ ಪಫರ್ ಅನ್ನುವ ಪುಟ್ಟ ಮೀನು ಸಾಕುವವರೆಲ್ಲ ಹೇಳುವ ಕಷ್ಟ ಒಂದೇ. ಅಂಗಡಿಯ ಕಾಳಿನಂಥ ತಿಂಡಿ ಹಾಕಿದರೆ ಅದು ತಿರುಗಿಯೂ ನೋಡುವುದಿಲ್ಲ. ಜೀವ ಇರುವ, ಓಡಾಡುವ ಬೇಟೆಯೇ ಬೇಕು. ತೀರ್ಥಹಳ್ಳಿ ಕಡೆಯ ನಮ್ಮೂರಿನಲ್ಲಿ ಮಳೆಗಾಲಕ್ಕೆ ಚಿಂತೆ ಇಲ್ಲ. ಬಿದ್ದ ಅಡಿಕೆ ಹಾಳೆಯಲ್ಲಿ ನೀರು ನಿಂತರೆ ಸಾಕು, ಸೊಳ್ಳೆ ಮರಿ ಬೇಕಾದಷ್ಟು. ಬೇಸಿಗೆಗೆ ಏನು ಮಾಡೋದು? ಅದಕ್ಕೇ ನನ್ನ ಮೀನುಗಳಿಗೆ ಫ್ರೀಜರ್‌ನಲ್ಲಿಟ್ಟ ಬ್ಲಡ್‌ವರ್ಮ್ ಅನ್ನುವ ಕೆಂಪು ಹುಳ ತಿನ್ನುವುದನ್ನು ಕಲಿಸಿದೆ.

ಇದು ನಮ್ಮ ಪಶ್ಚಿಮ ಘಟ್ಟದ್ದೇ ಮೀನು. ಕೇರಳದ ಪಂಬಾದಂಥ ನದಿಗಳಲ್ಲಿ ಇದೆ. 1941ರಲ್ಲಿ ಹೋರಾ ಮತ್ತು ನಾಯರ್ ಇದನ್ನು ಮೊದಲು ವಿವರಿಸಿದರು. ಪೂರ್ತಿ ಬೆಳೆದರೂ ಮೂರು, ಮೂರೂವರೆ ಸೆಂಟಿಮೀಟರ್ ಅಷ್ಟೇ. ಹೊಳೆಯಿಂದ ಹಿಡಿದು ಮಾರಿ ಮಾರಿ ಕಡಿಮೆಯಾಗುತ್ತಿದೆ. ಹಾಗಾಗಿ ಟ್ಯಾಂಕಿನಲ್ಲೇ ಮರಿ ಮಾಡಿಸಿದ್ದು ಸಿಕ್ಕರೆ ಅದನ್ನೇ ತನ್ನಿ.

ಕಲಿಸುವ ಮೊದಲು ಅದು ಬೇಟೆ ಆಡುವುದನ್ನು ಕೂತು ನೋಡಬೇಕು. ಬಸವನಹುಳ ಗಾಜಿನ ಮೇಲೆ ಹತ್ತುತ್ತಿರುತ್ತದೆ. ಪಫರ್ ಒಂದು ಬೆರಳಿನಷ್ಟು ದೂರದಲ್ಲಿ ನಿಂತುಬಿಡುತ್ತದೆ. ಚಿಕ್ಕ ರೆಕ್ಕೆಗಳು ಮಾತ್ರ ಬಡಿಯುತ್ತಿರುತ್ತವೆ, ಮೈ ಅಲ್ಲಾಡುವುದಿಲ್ಲ. ಅದರ ಕಣ್ಣು ಒಂದೊಂದೂ ಬೇರೆ ಬೇರೆ ಕಡೆ ತಿರುಗಬಲ್ಲದು. ಬೇಟೆ ಹತ್ತಿರ ಇದ್ದಾಗ ಮಾತ್ರ ಎರಡೂ ಮುಂದಕ್ಕೆ ಬರುತ್ತವೆ, ಬಾಲ ಬದಿಗೆ ಮಡಚಿಕೊಳ್ಳುತ್ತದೆ. ಚಿಪ್ಪಿಗೆ ಸುಮ್ನೆ ಬಾಯಿ ಹಾಕುವುದಿಲ್ಲ. ಹುಳ ಮೀಸೆ ಚಾಚುವ ತನಕ ಕಾಯುತ್ತದೆ. ಚಾಚಿತೋ, ಚಟ್ಟನೆ ಒಂದು ಕಚ್ಚು. ತಪ್ಪಿದರೆ ಹುಳ ಒಳಗೆ ಸೇರಿಕೊಳ್ಳುತ್ತದೆ. ಮೀನು ಆ ಕಡೆ ಒಂದು ಸುತ್ತು ಹಾಕಿ ಮತ್ತೆ ಅದೇ ಜಾಗಕ್ಕೆ ಬರುತ್ತದೆ! ನನಗೆ ಬೇಕಾಗಿದ್ದು ಇದೇ. ಅದು ಅಲ್ಲಾಡುವುದನ್ನು ನೋಡಿ ಹಿಡಿಯುತ್ತದೆ, ಸಿಕ್ಕ ಜಾಗವನ್ನು ನೆನಪಿಟ್ಟುಕೊಳ್ಳುತ್ತದೆ. ಹಾಗಾದರೆ ಸತ್ತ ಹುಳವೂ ಅಲ್ಲಾಡಬೇಕು, ದಿನಾ ಒಂದೇ ಜಾಗದಲ್ಲಿ ಸಿಗಬೇಕು.

ಉದ್ದ ಮೂತಿಯ ಒಂದು ಪ್ಲಾಸ್ಟಿಕ್ ಫಿಲ್ಲರ್, ಅಂದರೆ ಒತ್ತಿದರೆ ನೀರು ಹೀರಿ ಬಿಡುವ ಕೊಳವೆ, ತಗೊಂಡೆ. ಮೊದಲು ಅದರಿಂದ ಬರೀ ಸೊಳ್ಳೆ ಮರಿ ಬಿಟ್ಟೆ. ಬೆಳಿಗ್ಗೆ ಲೈಟ್ ಹಾಕಿದ ಮೇಲೆ, ಎಡಗಡೆ ಮೂಲೆಯಲ್ಲಿ. ಮೀನುಗಳು ಫಿಲ್ಲರ್ ಕಂಡ ಕೂಡಲೇ ಮೂಲೆಗೆ ಬರತೊಡಗಿದ ಮೇಲೆ, ಮರಿಗಳ ಜೊತೆ ಕರಗಿಸಿ ತೊಳೆದ ಬ್ಲಡ್‌ವರ್ಮ್ ಸ್ವಲ್ಪ ಸೇರಿಸಿದೆ. ಆಮೇಲೆ ಮರಿ ಕಡಿಮೆ, ವರ್ಮ್ ಜಾಸ್ತಿ. ಫಿಲ್ಟರ್‌ನಿಂದ ನೀರು ಬೀಳುವ ಕಡೆ ಬಿಟ್ಟರೆ ಹುಳ ತಾನಾಗಿ ಕುಣಿಯುತ್ತದೆ. ತಳ ಸೇರಿದ್ದನ್ನು ಅವು ಮುಟ್ಟುವುದಿಲ್ಲ, ಅದನ್ನು ಅವತ್ತೇ ಹೀರಿ ತೆಗೆಯಬೇಕು. ನೀರು ಕೆಟ್ಟರೆ ಪಫರ್ ತಡೆಯುವುದಿಲ್ಲ.

ಪಕ್ಕದ ತೋಟದವರು ನೋಡಿ, "ನಿಮ್ಮ ಗುರುತು ಹಿಡಿತಾವಾ ಮಾರಾಯ್ರೆ?" ಅಂದರು. ನನಗೂ ಅದೇ ಪ್ರಶ್ನೆ ಇತ್ತು. ಫಿಲ್ಲರ್ ಇಲ್ಲದೆ ಬಲಗಡೆ ನಿಂತೆ. ಎಲ್ಲ ಬಂದು ಗಾಜಿನ ಮುಂದೆ ಮೇಲೆ ಕೆಳಗೆ ಆಡಿದವು. ಅದೇ ಹೊತ್ತಿಗೆ ಮಗಳು ಎಡಗಡೆ ಖಾಲಿ ಫಿಲ್ಲರ್ ಇಳಿಸಿದಳು. ನನ್ನನ್ನು ಬಿಟ್ಟು ಅತ್ತ ಹೋದವು. ಅವಕ್ಕೆ ಮುಖ್ಯ ಫಿಲ್ಲರ್, ನಾನಲ್ಲ. ಚಿಪ್ಪಲಗುಡ್ಡೆಯ ತುಂಗೆಯಲ್ಲಿ, ಶೃಂಗೇರಿಯ ಮೆಟ್ಟಿಲ ಹತ್ತಿರ ಮಂಡಕ್ಕಿಗೆ ಮುಗಿಬೀಳುವ ಮೀನುಗಳೂ ಜನ ಬಂದು ನಿಂತರೆ ತಿಂಡಿ ಬರುತ್ತೆ ಅನ್ನುವುದನ್ನು ಹೀಗೇ ಕಲಿತಿರುತ್ತವೆ ಅಲ್ವಾ?

ನನಗೆ ತುಂಬಾ ಖುಷಿ ಕೊಟ್ಟದ್ದು ಇನ್ನೊಂದು. ಮೊದಲು ಸತ್ತ ಹುಳ ತಿಂದದ್ದು ಒಂದೇ ಮೀನು, ಹೊಟ್ಟೆಯ ಮೇಲೆ ಕಪ್ಪು ಗೆರೆ ಇದ್ದ ಗಂಡು. ಅದು ಕಚ್ಚಿ ಎಳೆದಾಡಿದ್ದನ್ನು ನೋಡಿ ಉಳಿದವು ಹತ್ತಿರ ಬಂದವು. ನೀರು ಚಿಮ್ಮಿ ಕೀಟ ಬೀಳಿಸುವ ಆರ್ಚರ್ ಮೀನುಗಳ ಮೇಲೆ ಜರ್ಮನಿಯ ಸ್ಟೆಫಾನ್ ಶುಸ್ಟರ್ ಮತ್ತು ಸಂಗಡಿಗರು ಮಾಡಿದ ಕೆಲಸ 2006ರಲ್ಲಿ ಪ್ರಕಟವಾಯಿತು. ಓಡುವ ಗುರಿಗೆ ಹೊಡೆಯುವುದನ್ನು ಆ ಮೀನುಗಳು ಜೊತೆಯವನ್ನು ನೋಡಿಯೇ ಕಲಿತಿದ್ದವು. ನನ್ನ ಟ್ಯಾಂಕಿನಲ್ಲಿ ಆದದ್ದು ಅಷ್ಟು ದೊಡ್ಡ ಕಲಿಕೆ ಅಂತ ನಾನು ಹೇಳಲ್ಲ. ಒಬ್ಬನ ಬಾಯಲ್ಲಿ ಹುಳ ಅಲ್ಲಾಡಿದ್ದೇ ಉಳಿದವಕ್ಕೆ ಸಾಕಾಗಿರಬಹುದು. ಆದರೂ ಹೊಸದಾಗಿ ತಂದ ಮೀನನ್ನು ಕಲಿತ ಮೀನಿನ ಜೊತೆ ಬಿಟ್ಟರೆ ಕೆಲಸ ಬೇಗ ಆಗುತ್ತದೆ. ಜಾಗ, ಗಿಡ ಮಾತ್ರ ಧಾರಾಳ ಇರಬೇಕು. ಗಂಡುಗಳು ಜಗಳಗಂಟ.

ಮಲೆನಾಡಿನವರು ಒಂದು ವಿಷಯ ಮರೆಯಬಾರದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ತೋಟದ ಬಸಿಗಾಲುವೆಯಿಂದ ಬಸವನಹುಳವಾಗಲಿ, ನೀರಾಗಲಿ ತರಬೇಡಿ. ನೂರು ಲೀಟರ್‌ಗೆ ಒಂದು ಕೆಜಿ ಮೈಲುತುತ್ತ ಹಾಕಿರುತ್ತೇವೆ. ಅದರ ತಾಮ್ರ ಹುಳಕ್ಕೂ ವಿಷ, ಮೀನಿಗೂ ವಿಷ. ನಾನು ಬಸವನಹುಳವನ್ನು ಬೇರೆ ಡಬ್ಬಿಯಲ್ಲೇ ಬೆಳೆಸುತ್ತೇನೆ. ಸೊಳ್ಳೆ ಮರಿಯ ಬಕೆಟ್‌ಗೆ ಬಲೆ ಕಟ್ಟಿ, ದಿನಾ ಸೋಸಿಕೊಳ್ಳಿ. ಇಲ್ಲದಿದ್ದರೆ ಮನೆಗೇ ಡೆಂಗಿ ತಂದುಕೊಂಡ ಹಾಗೆ. ಮಳೆ ಗಾಳಿಗೆ ಕರೆಂಟ್ ಹೋಗಿ ಫಿಲ್ಟರ್ ನಿಂತ ದಿನ ತಿಂಡಿ ಹಾಕಬೇಡಿ, ಎಷ್ಟೇ ಕುಣಿದರೂ.

ಈಗ ಚಿಮಟದಿಂದಲೂ ತಿನ್ನುತ್ತವೆ. ಒಂದು ಹೆಣ್ಣು ಮಾತ್ರ ಚಿಮಟ ಕಂಡರೆ ಪಾಚಿಯೊಳಗೆ ಹೋಗುತ್ತದೆ. ಅದಕ್ಕೆ ಬಸವನಹುಳವೇ ಬೇಕು, ಅದನ್ನೇ ಕೊಡುತ್ತಿದ್ದೇನೆ.