ನಮ್ಮ ಕೆಂಪಿಗೆ ಯಾವ ಕಾಳು ಹೊಂದಿತು

ಕೆಂಪಿ ಸಿಕ್ಕಿದ್ದು ತೀರ್ಥಹಳ್ಳಿಯಲ್ಲಿ, ಜುಲೈ ಮಳೆಯಲ್ಲಿ, ಒಂದು ಅಂಗಡಿ ಕಟ್ಟೆಯ ಕೆಳಗೆ. ಎರಡು ತಿಂಗಳ ನಾಯಿಮರಿ, ಗಡಗಡ ನಡುಗುತ್ತಿದ್ದಳು. ಮೊದಲ ಎರಡು ವರ್ಷ ಮನೆ ಊಟದಲ್ಲೇ ಬೆಳೆದಳು. ಮಧ್ಯಾಹ್ನ ಅಮ್ಮ ಕಲಸಿಡುವ ಮೊಸರನ್ನ, ರಾತ್ರಿ ಅನ್ನದ ಜೊತೆ ಬೇಯಿಸಿದ ಮೀನಿನ ತಲೆ, ಭಾನುವಾರ ಕೋಳಿ. ಚೆನ್ನಾಗಿಯೇ ತಿನ್ನುತ್ತಿದ್ದಳು. ಆದರೆ ಕೂದಲು ಹೊಳಪು ಕಳೆದುಕೊಂಡು ಒರಟಾಯಿತು. ಡಾಕ್ಟ್ರು ಮುಟ್ಟಿ ನೋಡಿ, ‘ಅನ್ನವೇ ಜಾಸ್ತಿ ಆಗ್ತಿದೆ, ಕ್ಯಾಲ್ಸಿಯಂ, ಸತು, ಒಳ್ಳೆಯ ಕೊಬ್ಬು ಯಾವುದೂ ಲೆಕ್ಕಕ್ಕೆ ಸಿಗ್ತಿಲ್ಲ’ ಅಂದರು. ಒಣ ಆಹಾರಕ್ಕೆ ಬದಲಾಯಿಸೋಣ ಅಂತ ಆಗ ನಿರ್ಧಾರ ಮಾಡಿದೆ. (ನಮ್ಮೂರ ಕಡೆ ಯಾವ ಕಂಪನಿಯದಾದರೂ ಅದಕ್ಕೆ ‘ಪೆಡಿಗ್ರಿ’ ಅಂತಲೇ ಹೆಸರು. ಗೊಂದಲ ಬೇಡ ಅಂತ ನಾನಿಲ್ಲಿ ಕಾಳು ಅನ್ನುತ್ತೇನೆ.)

ಮೊದಲು ತಂದಿದ್ದು ದುಬಾರಿ ಚೀಲ. ಮುಂದೆ ತೋಳದ ಚಿತ್ರ, ‘ಧಾನ್ಯ ಇಲ್ಲ’ ಅಂತ ದೊಡ್ಡ ಅಕ್ಷರ. ಹಳೆಯ ಊಟ ಒಂದೇ ದಿನಕ್ಕೆ ನಿಲ್ಲಿಸಿ ಇದನ್ನು ಹಾಕಿದೆ. ಮೂರನೇ ದಿನ ಬೆಳಿಗ್ಗೆ ಅಂಗಳದಲ್ಲೆಲ್ಲ ನೀರು ನೀರು ಭೇದಿ. ಆಮೇಲೆ ಚೀಲದ ಹಿಂಬದಿ ಓದಿದೆ. ಕೊಬ್ಬು ನೂರಕ್ಕೆ 18. ಅನ್ನ ಮೊಸರಿಗೆ ಒಗ್ಗಿದ ಹೊಟ್ಟೆಗೆ ಅದು ಒಮ್ಮೆಲೇ ಬಿದ್ದಿತ್ತು. ಧಾನ್ಯದ ಜಾಗದಲ್ಲಿ ಇದ್ದದ್ದು ಬಟಾಣಿ, ಕಡಲೆ, ಆಲೂಗಡ್ಡೆ. ಬೇಳೆಕಾಳು, ಆಲೂಗಡ್ಡೆ ಜಾಸ್ತಿ ಇರುವ ಇಂಥ ಆಹಾರಕ್ಕೂ ನಾಯಿಗಳ ಒಂದು ಬಗೆಯ ಹೃದಯರೋಗಕ್ಕೂ ನಂಟಿದೆಯೇ ಅಂತ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ತನಿಖೆ ಶುರುಮಾಡಿತ್ತು. ನಂಟು ಖಚಿತವಾಗಿ ಸಾಬೀತಾಗಿಲ್ಲ. ಆದರೂ ಕಾರಣವಿಲ್ಲದೆ ಅಕ್ಕಿಯನ್ನು ಬಿಡಿಸುವುದು ನನಗೆ ಸರಿ ಕಾಣಲಿಲ್ಲ. ನಾಯಿ ತೋಳ ಅಲ್ಲ. ಸಾವಿರಾರು ವರ್ಷ ಮನುಷ್ಯರ ಜೊತೆ ಉಂಡು, ಪಿಷ್ಟ ಅರಗಿಸುವ ಜೀನ್‌ನ ಪ್ರತಿಗಳು ಅದರಲ್ಲಿ ತೋಳಕ್ಕಿಂತ ಎಷ್ಟೋ ಜಾಸ್ತಿ ಆಗಿವೆ. ಬೆಂದ ಅಕ್ಕಿಯನ್ನು ಕೆಂಪಿ ಆರಾಮಾಗಿ ಅರಗಿಸಿಕೊಳ್ಳುತ್ತಾಳೆ.

ಎರಡನೆಯ ಸಲ ಅಗ್ಗಕ್ಕೆ ಹೋದೆ. ಅಂಗಡಿಯಲ್ಲಿ ಬಾಯಿ ಬಿಚ್ಚಿದ ಮೂಟೆಯಿಂದ ಕಿಲೋ ಲೆಕ್ಕದಲ್ಲಿ ತೂಗಿ ಕೊಟ್ಟರು. ಆಗ ಆಗಸ್ಟ್, ಗೋಡೆಗೂ ಬೂಷ್ಟು ಹಿಡಿಯುವ ಕಾಲ. ಕೆಂಪಿ ಬಟ್ಟಲಿಗೆ ಮೂಗು ಇಟ್ಟಳು, ಎತ್ತಿದಳು, ನನ್ನ ಮುಖ ನೋಡಿ ಹೊರಟುಹೋದಳು. ಒಂದು ಕಾಳು ಮುರಿದು ನಾನೇ ಮೂಸಿದೆ. ಬಜ್ಜಿ ಕರಿದು ವಾರ ಬಿಟ್ಟ ಎಣ್ಣೆಯ ವಾಸನೆ! ಕಾರ್ಖಾನೆಯಲ್ಲಿ ಕಾಳು ಬೇಯಿಸಿ ಒಣಗಿಸಿದ ಮೇಲೆ ಕೊನೆಗೆ ಕೊಬ್ಬನ್ನು ಮೇಲೆ ಸಿಂಪಡಿಸುತ್ತಾರೆ. ಗಾಳಿ ತಾಗಿದರೆ ಮೊದಲು ಕೆಡುವುದು ಅದೇ. ಮಲೆನಾಡಿನ ಮಳೆಯಲ್ಲಿ ಅದರ ಜೊತೆ ಬೂಷ್ಟೂ ಸೇರುತ್ತದೆ, ಅದರ ವಿಷ ಲಿವರಿಗೇ ಪೆಟ್ಟು. ಅವತ್ತಿನಿಂದ ಬಿಡಿ ಕಾಳು ತಂದಿಲ್ಲ. ತಿಂಗಳೊಳಗೆ ಮುಗಿಯುವ ಸಣ್ಣ ಚೀಲ ತರುತ್ತೇನೆ. ಡಬ್ಬಕ್ಕೆ ಸುರಿಯದೆ ಚೀಲದ ಸಮೇತ ಬಿಗಿ ಮುಚ್ಚಳದ ಡಬ್ಬದಲ್ಲಿ ಇಡುತ್ತೇನೆ. ಹೀಗಾದರೆ ಡಬ್ಬದ ಗೋಡೆಗೆ ಹಳೆಯ ಜಿಡ್ಡು ಅಂಟುವುದಿಲ್ಲ, ತಯಾರಾದ ತಾರೀಖೂ ಕೈಗೆ ಸಿಗುತ್ತದೆ.

ಇಷ್ಟಾದ ಮೇಲೆ ಚೀಲದ ಹಿಂಬದಿ ಓದಲು ಕೂತು ಕಲಿತೆ. ಪದಾರ್ಥಗಳ ಪಟ್ಟಿ ತೂಕದ ಕ್ರಮದಲ್ಲಿರುತ್ತದೆ, ಅದೂ ಬೇಯಿಸುವ ಮುಂಚಿನ ತೂಕ. ‘ತಾಜಾ ಕೋಳಿ’ ಮೊದಲಿದ್ದರೆ ಖುಷಿಪಡಬೇಕಾಗಿಲ್ಲ, ಅದರಲ್ಲಿ ಮುಕ್ಕಾಲುಪಾಲು ಹತ್ತಿರ ನೀರೇ. ‘ಚಿಕನ್ ಮೀಲ್’ ಅಂದರೆ ನೀರು ತೆಗೆದು ಪುಡಿ ಮಾಡಿದ್ದು, ಅದು ಮೇಲೆ ಇದ್ದರೆ ಪ್ರೋಟೀನ್ ನಿಜಕ್ಕೂ ಇದೆ ಅಂತ. ಪಿಷ್ಟ ಎಷ್ಟು ಅಂತ ಬಹಳ ಕಂಪನಿಗಳು ಬರೆಯುವುದಿಲ್ಲ, ನಾವೇ ಕಳೆದು ನೋಡಬೇಕು. ಈಗ ನಾನು ತರುವುದು ಕೋಳಿ ಮತ್ತು ಅಕ್ಕಿಯ ಮಧ್ಯಮ ಬೆಲೆಯ ಕಾಳು. ಆ ಚೀಲದಲ್ಲಿ ಪ್ರೋಟೀನ್ 24, ಕೊಬ್ಬು 12, ನಾರು 4, ತೇವಾಂಶ 10, ಬೂದಿ (ಸುಟ್ಟರೆ ಉಳಿಯುವ ಖನಿಜಾಂಶ) 8. ಕೂಡಿದರೆ 58. ನೂರರಲ್ಲಿ ಉಳಿದ 42 ಪಿಷ್ಟ. ಪಶು ಆಹಾರಕ್ಕೆ ಮಟ್ಟ ಗೊತ್ತುಮಾಡುವ ಅಮೆರಿಕದ ಆಫ್ಕೋ ಸಂಘದ ಪ್ರಕಾರ ನೀರು ಬಿಟ್ಟ ಲೆಕ್ಕದಲ್ಲಿ ಬೆಳೆದ ನಾಯಿಗೆ ಪ್ರೋಟೀನ್ ಕನಿಷ್ಠ 18, ಮರಿಗೆ 22.5 ಇರಬೇಕು. ‘ಸಂಪೂರ್ಣ ಆಹಾರ’ ಅಂತ, ಯಾವ ವಯಸ್ಸಿನ ನಾಯಿಗೆ ಅಂತ ಬರೆದಿರಬೇಕು. ನೂರು ಗ್ರಾಂಗೆ ಎಷ್ಟು ಕ್ಯಾಲೊರಿ ಅಂತ ಬರೆಯದ ಚೀಲವನ್ನು ನಾನು ವಾಪಸ್ ಇಟ್ಟುಬಿಡುತ್ತೇನೆ.

ಯಾಕೆಂದರೆ ಎಷ್ಟು ಹಾಕಬೇಕು ಅನ್ನುವುದು ಆ ಸಂಖ್ಯೆಯ ಮೇಲೇ ನಿಂತಿದೆ. ಕೆಂಪಿಯನ್ನು ಎತ್ತಿಕೊಂಡು ತೂಕದ ಮೆಷಿನ್ ಮೇಲೆ ನಿಂತು, ಆಮೇಲೆ ನನ್ನ ತೂಕ ಕಳೆದೆ. 16 ಕಿಲೋ. ಡಾಕ್ಟ್ರು ಮೊಬೈಲಿನ ಕ್ಯಾಲ್ಕುಲೇಟರಲ್ಲೇ ಲೆಕ್ಕ ತೋರಿಸಿಕೊಟ್ಟರು. 16 ಒತ್ತಿ ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿದರೆ 2. ತೂಕವನ್ನು ಅದರಿಂದ ಭಾಗಿಸಿದರೆ 8. ಅದಕ್ಕೆ 70ರಿಂದ ಗುಣಿಸಿದರೆ 560, ಸುಮ್ನೆ ಮಲಗಿದ್ದರೂ ದೇಹಕ್ಕೆ ಬೇಕಾದ ಕ್ಯಾಲೊರಿ. ಮರಿ ಆಗದ ಹಾಗೆ ಆಪರೇಶನ್ ಆದ ಬೆಳೆದ ನಾಯಿಗೆ ಅದರ 1.6 ಪಟ್ಟು, ಅಂದರೆ ಸುಮಾರು 900. ನಮ್ಮ ಕಾಳಿನಲ್ಲಿ ನೂರು ಗ್ರಾಂಗೆ 360 ಇದೆ, ಹಾಗಾಗಿ ದಿನಕ್ಕೆ 250 ಗ್ರಾಂ. ಇದು ಶುರುವಿನ ಅಂದಾಜು ಅಷ್ಟೇ. ಮಳೆಗಾಲದಲ್ಲಿ ಅವಳು ಜಗಲಿಯಲ್ಲೇ ಮಲಗಿರುತ್ತಾಳೆ, ಆಗ 225ಕ್ಕೆ ಇಳಿಸುತ್ತೇನೆ. ಪಕ್ಕೆಲುಬಿನ ಮೇಲೆ ಕೈ ಆಡಿಸಿದರೆ ಎಲುಬು ಒಂದೊಂದಾಗಿ ಬೆರಳಿಗೆ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಲೋಟದಲ್ಲಿ ಅಳೆಯಬೇಡಿ. ಅಡುಗೆಮನೆ ತಕ್ಕಡಿಯಲ್ಲಿ ತೂಗಿ.

ಹೊಸ ಕಾಳಿಗೆ ಬದಲಾಯಿಸುವಾಗ ಈಗ ಹತ್ತು ದಿನ ತೆಗೆದುಕೊಳ್ಳುತ್ತೇನೆ. ಮೊದಲು ಕಾಲು ಭಾಗ, ಆಮೇಲೆ ಅರ್ಧ, ಮುಕ್ಕಾಲು. ಕಕ್ಕ ಗಟ್ಟಿಯಾಗಿ, ಎತ್ತಿದರೆ ನೆಲಕ್ಕೆ ಅಂಟದ ಹಾಗಿದ್ದರೆ ಮುಂದಿನ ಹೆಜ್ಜೆ. ಸಡಿಲವಾದರೆ ಅಲ್ಲೇ ಎರಡು ದಿನ ನಿಲ್ಲುತ್ತೇನೆ.

ಕಾಳು ಒಗ್ಗಿತು, ಕೂದಲಿಗೆ ಹೊಳಪು ಬಂತು. ಆದರೆ ಆ ಚಳಿಗಾಲದಲ್ಲಿ ಕೆರೆತ ಶುರುವಾಯಿತು. ಹಗಲೂ ರಾತ್ರಿ ಕಿವಿ ಕೆರೆಯುವುದು, ಪಾದ ನೆಕ್ಕುವುದು. ಬಿಳಿ ಪಾದದ ಕೂದಲು ಜೊಲ್ಲಿನಿಂದ ಕಂದು ಬಣ್ಣಕ್ಕೆ ತಿರುಗಿತು. ನೋಡಿದವರೆಲ್ಲ ಒಂದೇ ಮಾತು, ‘ಚಿಕನ್ ಅಲರ್ಜಿ ಇರ್ಬೇಕು, ಕಾಳು ಬದಲಾಯಿಸಿ.’ ನಾನೂ ನಂಬಿದ್ದೆ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಮೊದಲು ಉಣುಗು, ಚಿಗಟ ನೋಡಿದರು, ಚರ್ಮ ಕೆರೆದು ಪರೀಕ್ಷೆ ಮಾಡಿದರು. ಉಣುಗಿಗೆ ಔಷಧ ಹಾಕಿ ತಿಂಗಳಾದರೂ ಕೆರೆತ ಪೂರ್ತಿ ನಿಲ್ಲಲಿಲ್ಲ. ಆಮೇಲೆ ಆಹಾರ ಪರೀಕ್ಷೆ.

ಕೆಂಪಿ ಇಲ್ಲಿಯವರೆಗೆ ತಿಂದದ್ದನ್ನೆಲ್ಲ ಬರೆಯಿರಿ ಅಂದರು. ಕೋಳಿ, ಮೀನು, ಮೊಟ್ಟೆ, ಮೊಸರು ಎಲ್ಲವೂ ಇತ್ತು. ‘ಹಾಗಾದ್ರೆ ಮೀನಿನ ಕಾಳು ಕೊಟ್ಟು ಪ್ರಯೋಜನ ಇಲ್ಲ’ ಅಂದರು. ಅಲರ್ಜಿ ಹುಟ್ಟುವುದು ಹೊಸ ಪದಾರ್ಥಕ್ಕೇ ಆಗಬೇಕಿಲ್ಲ, ವರ್ಷಗಟ್ಟಲೆ ತಿಂದದ್ದಕ್ಕೂ ಹುಟ್ಟುತ್ತದೆ. ಪ್ರೋಟೀನನ್ನು ಸಣ್ಣ ಸಣ್ಣ ತುಣುಕಾಗಿ ಒಡೆದ, ದೇಹಕ್ಕೆ ಗುರುತೇ ಸಿಗದ ಹಾಗೆ ಮಾಡಿದ ಒಂದು ಔಷಧೀಯ ಕಾಳು ಬರೆದುಕೊಟ್ಟರು. ಬೆಲೆ ಜಾಸ್ತಿ. ಎಂಟು ವಾರ ಅದು ಮತ್ತು ನೀರು, ಬೇರೆ ಒಂದು ಚೂರೂ ಕೊಡಬಾರದು.

ಕಷ್ಟವಾಗಿದ್ದು ಅಮ್ಮನಿಗೆ. ಕಾಳು ಬಂದ ಮೇಲೂ ಮಧ್ಯಾಹ್ನದ ಎರಡು ತುತ್ತು ಮೊಸರನ್ನವನ್ನು ಅವರು ನಿಲ್ಲಿಸಿರಲಿಲ್ಲ. ‘ಬಾಯಿಲ್ಲದ ಜೀವ ಕಣೋ, ಬಾಗಿಲಲ್ಲಿ ಕೂತು ನೋಡ್ತಿರ್ತಾಳೆ’ ಅಂದರು. ‘ಎಂಟೇ ವಾರ ಅಮ್ಮ’ ಅಂದೆ. ಕ್ಯಾಲೆಂಡರಲ್ಲಿ ಅವರೇ ದಿನ ಗುರುತು ಹಾಕುತ್ತಾ ಬಂದರು. ಐದನೇ ವಾರಕ್ಕೆ ಕೆರೆತ ಇಳಿಯಿತು. ಎಂಟು ವಾರಕ್ಕೆ ಕಿವಿಯ ಒಳಗಿನ ಕೆಂಪು ಹೋಗಿ ತಿಳಿಗುಲಾಬಿ ಆಯಿತು.

ಇಲ್ಲಿಗೆ ಬಿಟ್ಟಿದ್ದರೆ ಕೋಳಿಯೇ ಕಾರಣ ಅಂತ ಉಳಿದುಬಿಡುತ್ತಿತ್ತು. ಹಳೆಯದನ್ನು ಒಂದೊಂದಾಗಿ ಮತ್ತೆ ಕೊಟ್ಟು ನೋಡಬೇಕು ಅಂತ ಡಾಕ್ಟ್ರು ಹೇಳಿದ್ದರು. ಬೇಯಿಸಿದ ಕೋಳಿ ಎರಡು ವಾರ ಕೊಟ್ಟೆ, ಏನೂ ಆಗಲಿಲ್ಲ. ಮೊಟ್ಟೆ, ಮೀನು ಕೊಟ್ಟಾಗಲೂ ಏನೂ ಇಲ್ಲ. ಕೊನೆಗೆ ಮೊಸರು. ಮೂರನೇ ದಿನ ಸಂಜೆ ಕಿವಿ ಮುಟ್ಟಿದರೆ ಕಾದ ರೊಟ್ಟಿಯ ಹಾಗೆ ಬಿಸಿ. ರಾತ್ರಿಯೆಲ್ಲ ಪಾದ ನೆಕ್ಕುವ ಸದ್ದು. ಮೊಸರು ನಿಲ್ಲಿಸಿದೆ, ವಾರದಲ್ಲಿ ಇಳಿಯಿತು. ಮತ್ತೊಮ್ಮೆ ಕೊಟ್ಟಾಗ ಮತ್ತೆ ಅದೇ.

ಹಾಲಿನ ಪದಾರ್ಥ ನಾಯಿಗಳಲ್ಲಿ ಜಾಸ್ತಿ ಕಾಣುವ ಅಲರ್ಜಿಗಳಲ್ಲಿ ಒಂದು ಅಂತ ಡಾಕ್ಟ್ರು ಹೇಳಿದರು. ದನದ ಮಾಂಸ, ಕೋಳಿ, ಗೋಧಿ ಕೂಡ ಆ ಸಾಲಿನಲ್ಲಿವೆ. ಕೆಂಪಿಯ ವಿಷಯದಲ್ಲಿ ಎಲ್ಲರೂ ಬೈದ ಕಾಳಿನ ತಪ್ಪೇನೂ ಇರಲಿಲ್ಲ. ಕೋಳಿ ಮತ್ತು ಅಕ್ಕಿಯ ಅದೇ ಮಧ್ಯಮ ಬೆಲೆಯ ಕಾಳಿಗೆ ಮತ್ತೆ ಹತ್ತು ದಿನದಲ್ಲಿ ಬದಲಾಯಿಸಿದೆ. ನಾಲ್ಕು ವರ್ಷವಾಯಿತು, ಈಗಲೂ ಅದೇ.

ಅಮ್ಮನಿಗೆ ಇದನ್ನು ಹೇಳುವುದು ಸುಲಭ ಇರಲಿಲ್ಲ. ‘ನಾನೇ ಹಾಕಿದ್ದಲ್ವಾ’ ಅಂತ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಮಾರನೆಯ ದಿನ ನಾನು 250 ಗ್ರಾಂನಲ್ಲಿ 40 ಗ್ರಾಂ ತೂಗಿ ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಅವರ ಕೈಗೆ ಕೊಟ್ಟೆ. ಈಗ ಮಧ್ಯಾಹ್ನ ಊಟ ಮುಗಿಸಿ ಹಿತ್ತಲ ಬಾಗಿಲಲ್ಲಿ ಕೂರುತ್ತಾರೆ. ಡಬ್ಬಿಯ ಸದ್ದಿಗೆ ಕೆಂಪಿ ತೋಟದಿಂದ ಓಡಿ ಬರುತ್ತಾಳೆ. ಅಮ್ಮ ಅಂಗೈಯಲ್ಲಿ ನಾಲ್ಕು ನಾಲ್ಕೇ ಕಾಳು ಹಿಡಿಯುತ್ತಾರೆ.