ಸೂಪರ್‌ವೈಸರ್ ಹುದ್ದೆಯಿಂದ ಇಳಿಯುವಾಗ ಸೇವಾವಧಿ ಕೈತಪ್ಪದಿರಲಿ

ಜವಳಿ ಮಳಿಗೆಯಲ್ಲೋ ಸೂಪರ್ ಮಾರ್ಕೆಟ್ಟಿನಲ್ಲೋ ಸೇಲ್ಸ್ ಕೆಲಸಕ್ಕೆ ಸೇರಿ, ನಾಲ್ಕೈದು ವರ್ಷಗಳಲ್ಲಿ ಸೂಪರ್‌ವೈಸರ್ ಆದ ಎಲ್ಲರಿಗೂ ಆ ಹುದ್ದೆ ಒಗ್ಗುವುದಿಲ್ಲ. ಬೆಳಿಗ್ಗೆ ಶಟರ್ ಎತ್ತುವ ಮೊದಲೇ ಬಂದು ರಾತ್ರಿ ಕ್ಯಾಷ್ ತಾಳೆಯಾಗುವವರೆಗೆ ನಿಲ್ಲಬೇಕು. ಹೇಳದೆ ರಜೆ ಹಾಕಿದವರ ಜಾಗಕ್ಕೆ ಜನರನ್ನು ಹೊಂದಿಸಬೇಕು. ಮನೆಯಲ್ಲಿ ಪುಟ್ಟ ಮಗುವೋ ಹಾಸಿಗೆ ಹಿಡಿದ ಹಿರಿಯರೋ ಇದ್ದರೆ ಈ ಹೊರೆ ತಾಳಲಾರದೆ ಅನೇಕರು ಕೆಲಸವನ್ನೇ ಬಿಟ್ಟುಬಿಡುತ್ತಾರೆ. ಅದೇ ಮಳಿಗೆಯಲ್ಲಿ ಮತ್ತೆ ಸೇಲ್ಸ್ ಅಥವಾ ಬಿಲ್ಲಿಂಗ್ ಕೆಲಸಕ್ಕೆ ಇಳಿಯುವ ದಾರಿಯೂ ಇದೆ. ಆದರೆ ಆ ದಾರಿಯಲ್ಲಿ ಹಣ ಕಳೆದುಕೊಳ್ಳುವ ತಿರುವುಗಳಿವೆ.

ಮೊದಲು ಲೆಕ್ಕ

ಯಾರ ಮುಂದೆಯೂ ಮಾತೆತ್ತುವ ಮೊದಲು ಸಂಬಳದ ಚೀಟಿಯನ್ನು ಮುಂದಿಟ್ಟುಕೊಂಡು ಕೂರಬೇಕು. ಸೂಪರ್‌ವೈಸರ್ ಭತ್ಯೆ ಮತ್ತು ಇನ್ಸೆಂಟಿವ್ ಕಡಿಮೆಯಾಗುತ್ತವೆ ಎಂಬುದು ಎಲ್ಲರಿಗೂ ಹೊಳೆಯುತ್ತದೆ, ಕೆಲಸ ಬಿಡುವಾಗ ಮಾಲೀಕರು ಕೊಡುವ ಇಡಿಗಂಟಾದ ಗ್ರಾಚ್ಯುಟಿಯ ವಿಚಾರ ಮಾತ್ರ ಹೊಳೆಯುವುದಿಲ್ಲ. ಕೊನೆಯದಾಗಿ ಪಡೆದ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಿದರೆ ಬರುವ ಮೊತ್ತವೇ ಗ್ರಾಚ್ಯುಟಿ. ಇಲ್ಲಿ ‘ಕೊನೆಯದಾಗಿ’ ಎಂಬ ಪದವೇ ಮುಖ್ಯ. ಎಂಟು ವರ್ಷ ದುಡಿದವರ ಲೆಕ್ಕಕ್ಕೆ ಬರುವ ವೇತನ 20,800 ರೂಪಾಯಿ ಇದ್ದರೆ ವರ್ಷಕ್ಕೆ 12,000ದಂತೆ 96,000 ರೂಪಾಯಿ ಆಗುತ್ತದೆ. ಅದೇ ವೇತನ 15,600ಕ್ಕೆ ಇಳಿದರೆ ವರ್ಷಕ್ಕೆ 9,000ದಂತೆ, ಹಿಂದಿನ ಎಂಟೂ ವರ್ಷಗಳಿಗೆ ಸೇರಿ 72,000 ಮಾತ್ರ. ಅಂಗವೈಕಲ್ಯಕ್ಕೆ ಒಳಗಾಗಿ ಕಡಿಮೆ ವೇತನದ ಕೆಲಸಕ್ಕೆ ಬಂದವರಿಗೆ ಹಿಂದಿನ ಅವಧಿಯನ್ನು ಹಿಂದಿನ ವೇತನದಲ್ಲೇ ಲೆಕ್ಕ ಹಾಕಬೇಕೆಂದು ಕಾನೂನು ಹೇಳುತ್ತದೆ. ಸ್ವಇಚ್ಛೆಯಿಂದ ಇಳಿದವರಿಗೆ ಆ ರಕ್ಷಣೆ ಇಲ್ಲ. ಆದ್ದರಿಂದ, ಭತ್ಯೆಯನ್ನು ಬಿಟ್ಟುಕೊಡಲು ಒಪ್ಪಿದರೂ ಮೂಲ ವೇತನವನ್ನು ಇದ್ದಂತೆಯೇ ಉಳಿಸಿಕೊಡಿ ಎಂದು ಕೇಳಲು ಸಂಕೋಚ ಪಡಬಾರದು.

ಲಾಭದ ಬದಿಯನ್ನೂ ನೋಡಬೇಕು. ವೇತನ 21,000 ರೂಪಾಯಿಯ ಮಿತಿಯೊಳಗೆ ಬಂದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಸೌಲಭ್ಯಕ್ಕೆ ಅರ್ಹರಾಗುತ್ತೀರಿ. ನಿಮ್ಮ ಸಂಬಳದಿಂದ ಕಡಿತವಾಗುವುದು ಶೇ 0.75 ಮಾತ್ರ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವ ಮೇಲ್ವಿಚಾರಕರು ‘ಕಾರ್ಮಿಕ’ರ ವ್ಯಾಖ್ಯೆಯಿಂದ ಹೊರಗಿರುತ್ತಾರೆ. ಮೇಲ್ವಿಚಾರಣೆ ಬಿಟ್ಟು ಸೇಲ್ಸ್ ಕೆಲಸಕ್ಕೆ ಬಂದವರು ಮತ್ತೆ ಆ ವ್ಯಾಖ್ಯೆಯೊಳಗೆ, ಅಂದರೆ ಆ ಕಾನೂನು ಕಾರ್ಮಿಕರಿಗೆ ಕೊಡುವ ರಕ್ಷಣೆಯೊಳಗೆ ಬರುತ್ತಾರೆ. ಇಂಥ ವಿಷಯದಲ್ಲಿ ನ್ಯಾಯಾಲಯಗಳು ಹುದ್ದೆಯ ಹೆಸರಿಗಿಂತ ನಿಜವಾಗಿ ಮಾಡುವ ಕೆಲಸವನ್ನು ನೋಡುತ್ತವೆ.

ಹೇಳುವ ಹೊತ್ತು

ದಸರಾ ಮತ್ತು ದೀಪಾವಳಿಯ ನಡುವೆ, ಇಲ್ಲವೇ ಮಾರ್ಚ್ ಕೊನೆಯ ಸ್ಟಾಕ್ ಎಣಿಕೆಯ ಹೊತ್ತಿನಲ್ಲಿ ಈ ಮಾತು ಎತ್ತಿದರೆ ಯಾವ ಮ್ಯಾನೇಜರರೂ ಸಮಾಧಾನದಿಂದ ಕೇಳಿಸಿಕೊಳ್ಳಲಾರರು. ವಾರದ ನಡುವಿನ ದಿನ, ಗಿರಾಕಿಗಳು ಕಡಿಮೆಯಿರುವ ಮಧ್ಯಾಹ್ನ ಮೂರರ ಸುಮಾರಿಗೆ, ಮುಖಾಮುಖಿಯಾಗಿ ಹೇಳುವುದು ಒಳ್ಳೆಯದು. ಸಹೋದ್ಯೋಗಿಗಳ ಮೇಲಿನ ದೂರುಗಳನ್ನು ಇದರೊಂದಿಗೆ ಬೆರೆಸದೆ, ಕಾರಣವನ್ನು ಎರಡು ಮಾತಿನಲ್ಲಿ ಹೇಳಿ, ಯಾವ ವಿಭಾಗ ಮತ್ತು ಯಾವ ಶಿಫ್ಟ್ ಬೇಕು ಎಂಬುದನ್ನು ಸ್ಪಷ್ಟಪಡಿಸಬೇಕು.

ಪತ್ರದಲ್ಲಿ ‘ರಾಜೀನಾಮೆ’ ಬೇಡ

ನಾನು ಹಿಂದೆ ಕೆಲಸ ಮಾಡುತ್ತಿದ್ದ ಮಳಿಗೆಯಲ್ಲಿ ಒಬ್ಬ ಮಹಿಳೆಗೆ ‘ರಾಜೀನಾಮೆ ಬರೆದುಕೊಡಿ, ನಾಳೆಯೇ ಹೊಸದಾಗಿ ಸೇರಿಸಿಕೊಳ್ಳುತ್ತೇವೆ, ಇದು ಬರೀ ಫಾರ್ಮಾಲಿಟಿ’ ಎಂದರು. ಅವರು ನಂಬಿ ಸಹಿ ಹಾಕಿದರು. ಆಗ ಅವರಿಗೆ ನಾಲ್ಕು ವರ್ಷ ಮೂರು ತಿಂಗಳ ಸೇವೆಯಾಗಿತ್ತು. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗಲು ಬೇಕಾದದ್ದು ಐದು ವರ್ಷಗಳ ನಿರಂತರ ಸೇವೆ. ಹೊಸ ನೇಮಕಾತಿ ಪತ್ರದಲ್ಲಿ ಹೊಸ ದಿನಾಂಕ ಬಂತು, ಮಳಿಗೆಯವರು ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡಿದರು. ಆ ಕಾಗದ ಹಿಡಿದು ಅವರು ಸ್ಟಾಕ್ ರೂಮಿನ ಬಾಗಿಲಲ್ಲಿ ನಿಂತಿದ್ದು ನನಗೆ ಇಂದಿಗೂ ನೆನಪಿದೆ.

ಆದ್ದರಿಂದ ಪತ್ರದ ವಿಷಯ ‘ಹುದ್ದೆ ಬದಲಾವಣೆಗೆ ಮನವಿ’ ಎಂದೇ ಇರಬೇಕು. ‘ನನ್ನ ಸೇವಾ ನಿರಂತರತೆಯನ್ನು ಹಾಗೂ ಬಾಕಿ ರಜೆಗಳನ್ನು ಉಳಿಸಿಕೊಂಡು, ಇಂಥ ದಿನಾಂಕದಿಂದ ನನ್ನನ್ನು ಸೇಲ್ಸ್ ವಿಭಾಗಕ್ಕೆ ನಿಯೋಜಿಸಬೇಕಾಗಿ ಕೋರುತ್ತೇನೆ’ ಎಂಬ ಒಂದು ವಾಕ್ಯ ಸಾಕು. ಪತ್ರದ ಒಂದು ಪ್ರತಿಯನ್ನು ಇಟ್ಟುಕೊಂಡು, ಎಚ್‌ಆರ್‌ಗೆ ಇಮೇಲ್ ಕೂಡ ಮಾಡಿ. ಹೊಸ ವೇತನ, ಕೆಲಸದ ವಿವರ ಮತ್ತು ಶಿಫ್ಟ್‌ಗಳನ್ನು ಬರೆದ ಉತ್ತರ ಕೈಗೆ ಬರುವವರೆಗೆ ಹಳೆಯ ಹುದ್ದೆಯಿಂದ ಇಳಿಯಬೇಡಿ. ಹಾಗಿಲ್ಲದಿದ್ದರೆ ಭತ್ಯೆ ನಿಂತರೂ ಶಿಫ್ಟ್ ಪಟ್ಟಿ ಬರೆಯುವ ಕೆಲಸ ನಿಮ್ಮ ಬಳಿಯೇ ಉಳಿದುಬಿಡುತ್ತದೆ.

ಕೀಲಿಕೈ, ಪಾಸ್‌ವರ್ಡ್, ಸ್ಟಾಕ್

ಶಟರ್ ಮತ್ತು ತಿಜೋರಿಯ ಕೀಲಿಕೈಗಳನ್ನು, ಚಿಲ್ಲರೆಗೆಂದು ಇಟ್ಟ ಹಣವನ್ನು ಎಣಿಸಿ ಒಪ್ಪಿಸಿ, ಪಡೆದವರ ಸಹಿ ಹಾಕಿಸಿಕೊಳ್ಳಬೇಕು. ಇದಕ್ಕಿಂತಲೂ ಮುಖ್ಯವಾದದ್ದು ಬಿಲ್ ರದ್ದು ಮಾಡುವ, ರಿಯಾಯಿತಿ ಕೊಡುವ ನಿಮ್ಮ ಲಾಗಿನ್. ಅದು ಚಾಲ್ತಿಯಲ್ಲಿದ್ದರೆ ಇನ್ನಾರೋ ರದ್ದು ಮಾಡಿದ ಬಿಲ್ಲಿಗೆ ನೀವು ಉತ್ತರ ಹೇಳಬೇಕಾಗುತ್ತದೆ. ಅದೇ ದಿನ ನಿಲ್ಲಿಸಿ ಎಂದು ಬರಹದಲ್ಲಿ ಕೇಳಿ. ವಿಭಾಗದ ಸ್ಟಾಕ್ ಅನ್ನು ಹೊಸ ಸೂಪರ್‌ವೈಸರ್ ಜೊತೆ ನಿಂತು ಎಣಿಸಿ, ಇಬ್ಬರೂ ಸಹಿ ಹಾಕಿದರೆ ಮುಂದೆ ಕಂಡುಬರುವ ಕೊರತೆ ನಿಮ್ಮ ತಲೆಗೆ ಬರುವುದಿಲ್ಲ.

ಮೊದಲ ಕೆಲವು ವಾರ ಮನಸ್ಸಿಗೆ ಕಷ್ಟವಾಗುವುದು ಸಹಜ. ನೀವೇ ಸೀರೆ ಮಡಿಸುವುದನ್ನು ಕಲಿಸಿದ ಹುಡುಗ ಈಗ ಸೂಪರ್‌ವೈಸರ್ ಆಗಿರಬಹುದು. ಎಲ್ಲರ ಮುಂದೆ ಅವನನ್ನು ಬಹುವಚನದಲ್ಲೇ ಮಾತನಾಡಿಸಿ. ‘ಅಕ್ಕಾ, ನನ್ನ ವಾರದ ರಜೆ ಬದಲಿಸಿಕೊಡಿ’ ಎಂದು ಹಳೆಯ ರೂಢಿಯಂತೆ ಯಾರಾದರೂ ನಿಮ್ಮ ಬಳಿ ಬಂದರೆ, ಉತ್ತರ ಗೊತ್ತಿದ್ದರೂ ಹೊಸ ಸೂಪರ್‌ವೈಸರ್ ಬಳಿಗೇ ಕಳುಹಿಸಿ.

ಮುಂದಿನ ತಿಂಗಳ ಸಂಬಳದ ಚೀಟಿ ಬಂದ ದಿನವೇ ಅದರಲ್ಲಿ ಕೆಲಸಕ್ಕೆ ಸೇರಿದ ದಿನಾಂಕ ಹಳೆಯದೇ ಇದೆಯೇ, ಪಿಎಫ್‌ನ (ಭವಿಷ್ಯನಿಧಿಯ) ಯುಎಎನ್ ಎಂಬ ಖಾತೆ ಸಂಖ್ಯೆ ಅದೇ ಇದೆಯೇ ಎಂದು ನೋಡಿ. ಬದಲಾಗಿದ್ದರೆ ಅಂದೇ ಬರಹದಲ್ಲಿ ಪ್ರಶ್ನಿಸಿ.